ಡೇವಿಡ್ ಹೊತ್ತೊಯ್ದ ಒನಕೆ

“ಮುಳುಗ್ತು! ಮುಳುಗ್ತು! ಮುಳುಗ್ತು!”

ಯೋಕಿ ಬಾವಿಕಟ್ಟೆಯ ಪಕ್ಕದಲ್ಲಿ ಕುಣಿಯುತ್ತಿದ್ದಳು. ಅವಳ ಎರಡು ಜಡೆಗಳೂ ಕುಣಿಯುತ್ತಿದ್ದವು.

“ನೋಡಿದ್ಯಾ ಫ್ರಾಂಡಿ? ಡುಬುಕ್ ಅಂತು, ಅಷ್ಟೇ! ಒಂದು ಚೂರಾದ್ರೂ ತೇಲ್ತಾ? ಈಗ ಹೇಳು, ನಮ್ಮ ಒರಳು ಗ್ವಯಕಾನ್ ಮರದ್ದು ಹೌದೋ ಅಲ್ವೋ?”

ಫ್ರಾಂಡಿ ಬಾವಿಯೊಳಗೆ ಇಣುಕಿದ. ನೀರಿನ ಮೇಲೆ ನಾಲ್ಕು ಗುಳ್ಳೆಗಳು ಬಿಟ್ಟರೆ ಏನೂ ಇರಲಿಲ್ಲ. ಅವನು ತಲೆ ಕೆರೆದುಕೊಂಡ.

“ಹೌದು ಕಣೇ. ಗ್ವಯಕಾನೇ. ಸೋತೆ.”

ಸುತ್ತ ನಿಂತಿದ್ದ ಐದನೇ ಕ್ಲಾಸಿನ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಯೋಕಿ ಬೇಸ್‌ಬಾಲಿನಲ್ಲಿ ಹೋಮ್ ರನ್ ಹೊಡೆದ ಆಟಗಾರನ ಹಾಗೆ ಎರಡೂ ಕೈ ಮೇಲೆತ್ತಿ ಬಾವಿಗೆ ಒಂದು ಸುತ್ತು ಬಂದಳು. ಇನ್ನೊಂದು ಸುತ್ತಿಗೂ ಹೊರಟಿದ್ದಳು. ಅಷ್ಟರಲ್ಲಿ ಗೆಳತಿ ಮಿಗ್ದಾ ಮೆಲ್ಲಗೆ ಕೇಳಿದಳು:

“ಯೋಕಿ, ಈಗ ಅದನ್ನ ಮೇಲೆ ತರೋದು ಹೇಗೆ?”

ಚಪ್ಪಾಳೆ ನಿಂತಿತು. ಎಲ್ಲಿಂದಲೋ ಒಂದು ಒಣ ಎಲೆ ಹಾರಿ ಬಂದು ಬಾವಿಗೆ ಬಿತ್ತು. ಅದು ತೇಲಿತು.

ಒರಳು ಮುಳುಗುತ್ತದೋ ಇಲ್ಲವೋ ಎಂದು ಯೋಕಿ ಮೂರು ದಿನ ಯೋಚಿಸಿದ್ದಳು. ಮುಳುಗಿದ ಮೇಲೆ ಏನು ಎಂದು ಮೂರು ನಿಮಿಷವೂ ಯೋಚಿಸಿರಲಿಲ್ಲ. ಅವಳ ಕಿವಿಗಳು ತುದಿಯಿಂದ ಬುಡದವರೆಗೆ ಕೆಂಪಾದವು. ಸಿಕ್ಕಿಬಿದ್ದಾಗಲೆಲ್ಲ ಅವಳ ಕಿವಿ ಕೆಂಪಾಗುತ್ತಿತ್ತು. ಬಾಯಿ ಸುಳ್ಳು ಹೇಳಬಹುದು, ಆ ಕಿವಿಗಳು ಮಾತ್ರ ಒಂದು ದಿನವೂ ಅವಳ ಮಾತು ಕೇಳಿದ್ದಿಲ್ಲ.

ಇದೆಲ್ಲ ಶುರುವಾದದ್ದು ಸೋಮವಾರ.

ಅವತ್ತು ಪ್ರೊಫೆ ಮಕ್ಕಳನ್ನೆಲ್ಲ ಸ್ಕೂಲಿನ ಅಂಗಳದ ಗ್ವಯಕಾನ್ ಮರದ ಕೆಳಗೆ ಕೂರಿಸಿದ್ದರು. ಟೀಚರನ್ನು ಆ ಊರಲ್ಲಿ ಎಲ್ಲರೂ ಪ್ರೊಫೆ ಎಂದೇ ಕರೆಯುವುದು. ಮರದ ತುಂಬ ನೀಲಿ ಹೂವು.

“ಇದು ಎಷ್ಟು ನಿಧಾನ ಬೆಳೆಯುತ್ತೆ ಗೊತ್ತಾ?” ಎಂದರು ಪ್ರೊಫೆ. “ನಾನು ನಿಮ್ಮಷ್ಟಿದ್ದಾಗಲೂ ಇದು ಇಷ್ಟೇ ದಪ್ಪ ಇತ್ತು. ನಾನೇ ದಪ್ಪ ಆದೆ. ಈಗ ಈ ಮರ ಕಡಿಯೋ ಹಾಗಿಲ್ಲ. ಆದರೆ ನಿಮ್ಮ ಮನೆಗಳಲ್ಲಿ ಹಳೇ ಗ್ವಯಕಾನ್ ಸಾಮಾನು ಇರುತ್ತೆ. ಹುಡುಕಿ ತನ್ನಿ.”

ಮಾರನೇ ದಿನ ಮಕ್ಕಳು ತಂದರು. ಒಬ್ಬ ಬೇಲಿಯ ಗೂಟದ ತುಂಡು ತಂದ. ಅವನ ಮುತ್ತಾತ ನೆಟ್ಟಿದ್ದ ಗೂಟ, ಗೆದ್ದಲು ಇನ್ನೂ ಅದರ ರುಚಿ ನೋಡಿರಲಿಲ್ಲ. ಮಿಗ್ದಾ ಅವಳಜ್ಜಿಯ ಮಂಡಿನೋವಿನ ಬಾಟಲಿ ತಂದಳು. ರಮ್ಮಿನಲ್ಲಿ ಗ್ವಯಕಾನ್ ಚಕ್ಕೆ ನೆನೆಹಾಕಿದ ಔಷಧ ಅದು. ಪ್ರೊಫೆ ಮುಚ್ಚಳ ತೆಗೆದು ಮೂಸಿ, ತಕ್ಷಣ ಬೀರುವಿನ ಮೇಲಿನ ಹಲಗೆಯಲ್ಲಿಟ್ಟರು.

ಫ್ರಾಂಡಿ ತಂದದ್ದು ಬುಗುರಿ. ಅವನ ತಾತ ಮೆಲಿತೋನ್ ಹುಡುಗನಾಗಿದ್ದಾಗ ಆಡಿದ ಬುಗುರಿ. ಎಷ್ಟೋ ಬುಗುರಿಗಳು ಅದಕ್ಕೆ ಗುನ್ನ ಹೊಡೆಯಲು ಹೋಗಿ ತಾವೇ ಸೀಳಿದ್ದವಂತೆ. ಫ್ರಾಂಡಿ ಅದನ್ನು ನೀರಿನ ಬಕೆಟ್ಟಿಗೆ ಹಾಕಿದ. ಅದು ಕಲ್ಲಿನ ಹಾಗೆ ತಳ ಸೇರಿತು. “ಓಹೋ!” ಎಂದರು ಎಲ್ಲರೂ.

ಬುಗುರಿಗೇ ಇಷ್ಟು ಓಹೋ ಅಂದರೆ! ಯೋಕಿ ಎದ್ದು ನಿಂತಳು.

“ನಮ್ಮನೇಲಿ ಒರಳಿದೆ ಪ್ರೊಫೆ, ಬೆಳ್ಳುಳ್ಳಿ ಕುಟ್ಟೋದು. ಗ್ವಯಕಾನ್ ಒರಳು! ನಮ್ಮಜ್ಜಿಯ ಅಜ್ಜಿ ಕಾಲದ್ದು.”

“ಒನಕೆನೂ ಗ್ವಯಕಾನಾ?” ಪ್ರೊಫೆ ಕೇಳಿದರು.

“ಒನಕೆ ಪೇರಲೆ ಮರದ್ದು. ಮೊದಲು ಗ್ವಯಕಾನೇ ಇತ್ತು. ಅದನ್ನ ಡೇವಿಡ್ ಹೊತ್ಕೊಂಡು ಹೋದ.”

ಡೇವಿಡ್ ಎಂದರೆ ಚಂಡಮಾರುತ. ಯೋಕಿಯ ಅಮ್ಮ ಹುಟ್ಟುವ ಮೊದಲು ಬಂದು ಹೋದದ್ದು. ಊರಿನ ಹಿರಿಯರು ಅದರ ಬಗ್ಗೆ ಮಾತಾಡುವಾಗ ಹಿಂದಿನ ಬೀದಿಯ ಪೋಕರಿ ಹುಡುಗನ ಬಗ್ಗೆ ಮಾತಾಡಿದ ಹಾಗೇ ಇರುತ್ತಿತ್ತು. ಚಿಕ್ಕವಳಿದ್ದಾಗ ಯೋಕಿ ಡೇವಿಡ್ ಒಬ್ಬ ಕಳ್ಳ ಎಂದೇ ತಿಳಿದಿದ್ದಳು. “ಡೇವಿಡ್ ಬಂದ, ಮನೆ ಸೂರು ಕಿತ್ತ, ಏಳು ಕೋಳಿ ಎತ್ತಿಕೊಂಡ, ನಮ್ಮಮ್ಮನ ಒನಕೆ ಹೊತ್ತುಕೊಂಡು ಹೊರಟೇ ಹೋದ!” ಎಂದು ಅಜ್ಜಿ ಕೈ ಬೀಸಿ ಹೇಳಿದರೆ, ಕೇಳುವವರ ತಲೆಗೂದಲೂ ಹಾರಿದ ಹಾಗಾಗುತ್ತಿತ್ತು.

ಫ್ರಾಂಡಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

“ಗಾಳಿಗೆ ಹಾರಿಹೋಗೋ ಗ್ವಯಕಾನಾ? ಲೇ ಯೋಕಿ, ಗ್ವಯಕಾನ್ ನೀರಲ್ಲೇ ತೇಲಲ್ಲ, ಇನ್ನು ಗಾಳೀಲಿ ಹಾರುತ್ತಾ? ನಿಮ್ಮ ಒರಳು ಹಗುರ ಬಾದಾಮಿ ಮರದ್ದಿರಬೇಕು!”

ಅಷ್ಟೇ ಸಾಕಾಯಿತು. ಸಂಜೆಯ ಹೊತ್ತಿಗೆ ಇಡೀ ಸ್ಕೂಲಿನಲ್ಲಿ ಯೋಕಿಯ ಹೆಸರು ‘ಬಾದಾಮಿ’ ಆಗಿತ್ತು. ಎರಡನೇ ಕ್ಲಾಸಿನ ಚಿಳ್ಳೆಪಿಳ್ಳೆಗಳೂ “ಬಾದಾಮಿ ಬಂದ್ಲು, ಬಾದಾಮಿ!” ಎನ್ನುತ್ತಿದ್ದವು.

ಅದಕ್ಕೇ ಗುರುವಾರ ಬೆಳಿಗ್ಗೆ, ಅಜ್ಜಿ ಆಡುಗಳಿಗೆ ನೀರಿಡಲು ಹೋದಾಗ, ಯೋಕಿ ಒರಳನ್ನು ಸ್ಕೂಲ್ ಬ್ಯಾಗಿಗೆ ತುರುಕಿದಳು. ಗೇಣಿಗಿಂತ ಸ್ವಲ್ಪ ಎತ್ತರ, ನಡು ಸಣ್ಣ, ನಡುವಿನ ಸುತ್ತ ಎರಡು ಉಂಗುರದ ಕೆತ್ತನೆ. ನೋಡಲು ಇಷ್ಟೇ. ಆದರೆ ಎತ್ತಿದರೆ ಆಡಿನಮರಿಯಷ್ಟು ಭಾರ. ಸ್ಕೂಲು ಮುಟ್ಟುವಷ್ಟರಲ್ಲಿ ಯೋಕಿಯ ಒಂದು ಭುಜ ಇನ್ನೊಂದಕ್ಕಿಂತ ಎರಡು ಬೆರಳು ಕೆಳಗೆ ಬಂದಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಅದನ್ನು ಬಕೆಟ್ಟಿಗೆ ಇಳಿಸಿದರು. ಅರ್ಧ ನೀರು ಹೊರಗೆ ಚೆಲ್ಲಿತು. ಒರಳು ತಳ ಮುಟ್ಟಿ ನಿಂತಿತು. ಬಾಯಿ ಮಾತ್ರ ನೀರಿನಿಂದ ಮೇಲಿತ್ತು.

“ಇದು ಮುಳುಗಿಲ್ಲ,” ಫ್ರಾಂಡಿ ವಕೀಲನ ಹಾಗೆ ಹೇಳಿದ. “ನಿಂತ್ಕೊಂಡಿದೆ. ನಾನೂ ಬಕೆಟ್ಟಲ್ಲಿ ನಿಂತ್ಕೋತೀನಿ. ನಾನು ಗ್ವಯಕಾನಾ?”

“ಹಾಗಾದ್ರೆ ಆಳ ಇರೋ ಕಡೆ ಹಾಕೋಣ!” ಎಂದಳು ಯೋಕಿ.

ಆ ಒಣ ಸೀಮೆಯಲ್ಲಿ ಆಳದ ನೀರು ಎಂದರೆ ಸ್ಕೂಲಿನ ಹಿಂದಿನ ಹಳೇ ಬಾವಿ ಒಂದೇ. ಆ ಬಾವಿಗೇ ಈಗ ನಾಲ್ಕು ತಲೆಮಾರಿನ ಒರಳು ಬಿದ್ದಿತ್ತು.

ಫ್ರಾಂಡಿ ಒಳ್ಳೆಯ ಹುಡುಗನೇ. ಓಡಿಹೋಗಿ ತಾತನ ಮನೆಯಿಂದ ಪಾತಾಳಗರಡಿ ತಂದ. ಹಗ್ಗಕ್ಕೆ ಕಟ್ಟಿದ ಆ ಕಬ್ಬಿಣದ ಕೊಕ್ಕೆಗಳ ಗೊಂಚಲನ್ನು ಇಳಿಸಿ ತಡಕಾಡಿದ. ಮೊದಲ ಸಲ ತಳವಿಲ್ಲದ ಕೊಡ ಬಂತು. ಎರಡನೇ ಸಲ ಒಂದು ಎಡಗಾಲಿನ ಬೂಟು. ಮೂರನೇ ಸಲ ಕೊಕ್ಕೆ ಒರಳಿಗೇ ತಗುಲಿತು. ಠಣ್ ಎಂದು ಸದ್ದು ಕೇಳಿಸಿತು. ಆದರೆ ಆ ನುಣುಪು ಮರ ಕೊಕ್ಕೆಗೆ ಕಚ್ಚಲು ಒಂದು ಗೀರೂ ಕೊಡಲಿಲ್ಲ.

“ಇದು ಗ್ವಯಕಾನೇ, ಡೌಟೇ ಇಲ್ಲ,” ಎಂದ ಫ್ರಾಂಡಿ, ಬೆವರು ಒರೆಸಿಕೊಳ್ಳುತ್ತ.

“ಬಾದಾಮಿ ಆಗಿದ್ದಿದ್ರೇ ಚೆನ್ನಾಗಿತ್ತು,” ಎಂದಳು ಯೋಕಿ.

ಸಂಜೆ ಐದು ಗಂಟೆ. ಊರವರೆಲ್ಲ ಗೌರವದಿಂದ ದೋನ್ಯಾ ಎನ್ನುವ ಅಜ್ಜಿ ಎರ್ಮಿನಿಯಾ ದಿನಾ ಐದಕ್ಕೆ ಸರಿಯಾಗಿ ಬೆಳ್ಳುಳ್ಳಿ ಕುಟ್ಟಲು ಕೂರುತ್ತಿದ್ದಳು. ಟೊಕ್, ಟೊಕ್, ಟೊಕ್. ಬೀದಿಯವರು ಆ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಕುಟ್ಟಿ ಮುಗಿದ ಮೇಲೆ ಅಜ್ಜಿ ಒರಳಿನ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರುವಳು. ಅಲ್ಲಿ ಒಂದು ಕಡೆ ಸವೆದು ಸಣ್ಣ ತಗ್ಗಾಗಿತ್ತು. “ನಮ್ಮಮ್ಮನ ಹೆಬ್ಬೆರಳು ಇರ್ತಿದ್ದ ಜಾಗ,” ಎನ್ನುವಳು.

ಯೋಕಿಗೆ ಈಗ ಒರಳಿಗಿಂತ ಆ ತಗ್ಗೇ ಹೆಚ್ಚು ನೆನಪಾಗುತ್ತಿತ್ತು.

“ಅಜ್ಜಿ, ಒಂದು ದಿನ ಬೆಳ್ಳುಳ್ಳಿ ಇಲ್ಲದೆ ಅಡುಗೆ ಮಾಡಿದ್ರೆ ಹೇಗಿರುತ್ತೆ?”

“ಆಸ್ಪತ್ರೆ ಊಟದ ಹಾಗಿರುತ್ತೆ. ಒರಳೆಲ್ಲಿ?”

ಯೋಕಿ ಯೋಚಿಸಿದಳು. ಬೆಕ್ಕಿನ ಮೇಲೆ ಹೇಳೋಣವೆಂದರೆ, ಬೆಕ್ಕು ಒರಳಿಗಿಂತ ಹಗುರ. ಕಳ್ಳನ ಮೇಲೆ ಹೇಳೋಣವೆಂದರೆ, ಟಿ.ವಿ. ಬಿಟ್ಟು ಒರಳು ಕದಿಯುವ ಕಳ್ಳ ಇಲ್ಲ. ಚಂಡಮಾರುತ? ಕಿಟಕಿಯಿಂದ ನೋಡಿದಳು. ಮಾರ್ಚ್ ತಿಂಗಳ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಈ ಡೇವಿಡ್‌ನಂಥವರು ಬೇಕಾದಾಗ ಬರುವುದೇ ಇಲ್ಲ.

ಹೊರಗಿಂದ ಪಕ್ಕದ ಮನೆಯಾಕೆ ಕೂಗಿದಳು: “ದೋನ್ಯಾ ಎರ್ಮಿನಿಯಾ, ಹುಷಾರಾಗಿದ್ದೀರಾ? ಐದಾಯ್ತು, ಸದ್ದೇ ಇಲ್ಲ!”

“ಒರಳು ಬಾವೀಲಿದೆ,” ಎಂದುಬಿಟ್ಟಳು ಯೋಕಿ.

“ಯಾವ ಬಾವಿ?”

“ಸ್ಕೂಲ್ ಹಿಂದಿನ ಬಾವಿ.”

ಯೋಕಿ ಕಣ್ಣು ಮುಚ್ಚಿ ಅಜ್ಜಿಯ ಚಪ್ಪಲಿಗಾಗಿ ಕಾದಳು. ಚಪ್ಪಲಿ ಬರಲಿಲ್ಲ. ಒಂದು ಕಣ್ಣು ತೆರೆದು ನೋಡಿದಳು. ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ವರ್ಷದಿಂದ ಕೇಳದ ಹೆಸರೊಂದನ್ನು ಯಾರೋ ಹೇಳಿದ ಹಾಗಿತ್ತು.

“ಬಿತ್ತಾ? ಹಾಕಿದ್ಯಾ?”

“ಹಾಕಿದೆ. ಗ್ವಯಕಾನ್ ಮುಳುಗುತ್ತೆ ಅಂತ ಫ್ರಾಂಡಿಗೆ ತೋರಿಸೋಕೆ.”

“ಮುಳುಗ್ತಾ?”

“ಹೂಂ. ಡುಬುಕ್ ಅಂತು. ಒಂದೇ ಸಲ.”

“ಹಾಗೇ ಆಗೋದು,” ಎಂದಳು ಅಜ್ಜಿ ಮೆಲ್ಲಗೆ. ಆಮೇಲೆ ತಾನು ಅಜ್ಜಿ ಎನ್ನುವುದು ನೆನಪಾದ ಹಾಗೆ ಸೊಂಟದ ಮೇಲೆ ಕೈ ಇಟ್ಟಳು. “ಮೇರಿ ಮಾತೆ! ತಲೇಲಿ ಬುದ್ಧಿ ಇದೆಯಾ, ತೆಂಗಿನನಾರು ಇದೆಯಾ? ನಮ್ಮಮ್ಮನ ಒರಳು ಅದು! ನಾನು ಸತ್ತರೆ ಮನೆ ನಿಮ್ಮಮ್ಮನಿಗೆ, ಒರಳು ನಿನಗೆ ಅಂತ ಅಂದ್ಕೊಂಡಿದ್ದೆ. ಈಗ ಹೋಗು, ಬಾವೀನೇ ತಗೋ!”

ಯೋಕಿ ಅತ್ತಳು. ಒರಳು ತನಗೇ ಬರುವುದಿತ್ತು ಎಂದು ಗೊತ್ತಾಗಿ ಇನ್ನೂ ಜೋರಾಗಿ ಅತ್ತಳು.

ಆ ಹೊತ್ತಿಗೆ ಪೀಯೊ ಮಾಮ ಬಂದ. ಅವನು ಅಜ್ಜಿಯ ಮಗ, ದಿನವೆಲ್ಲ ಬೈಕಿನಲ್ಲಿ ಜನರನ್ನು ಕೂರಿಸಿಕೊಂಡು ಊರಿಂದೂರಿಗೆ ಬಿಡುವುದು ಅವನ ಕೆಲಸ. ವಿಷಯ ಕೇಳಿ ಅವನು ನಕ್ಕ.

“ಇಷ್ಟಕ್ಕೆ ಅಳ್ತಾರಾ? ಈ ತಿಂಗಳಲ್ಲಿ ಅಲ್ಲಿ ಎದೆಮಟ್ಟ ನೀರೂ ಇರಲ್ಲ. ನಾನು ಇಳಿದು ತರ್ತೀನಿ.”

“ಬೇಡ!” ಎಂದಳು ಅಜ್ಜಿ.

“ಯಾಕಮ್ಮ?”

“ಬಾವಿಗೆ ಯಾರೂ ಇಳೀಬೇಕಾಗಿಲ್ಲ. ಬ್ಲೆಂಡರ್ ಇದೆಯಲ್ಲ, ಅದರಲ್ಲೇ ಮಾಡ್ತೀನಿ.”

ಮಾಮನ ಬಾಯಿ ತೆರೆದೇ ಇತ್ತು. ಆ ಬ್ಲೆಂಡರನ್ನು ಮೂರು ವರ್ಷದ ಹಿಂದೆ ಅವನೇ ತಂದುಕೊಟ್ಟಿದ್ದ. ಅದು ಇನ್ನೂ ಡಬ್ಬಿಯಲ್ಲೇ ಇತ್ತು. ಡಬ್ಬಿಯ ಮೇಲೆ ಸಂತ ಆಂಥೋನಿಯ ಪಟ ಇತ್ತು.

“ಬ್ಲೆಂಡರಲ್ಲಿ ಅರೆದ ಬೆಳ್ಳುಳ್ಳಿ ನಾಯಿನೂ ತಿನ್ನಲ್ಲ ಅಂದವರು ಯಾರು?”

“ಆ ನಾಯಿ ಸತ್ತುಹೋಯ್ತು,” ಎಂದಳು ಅಜ್ಜಿ.

ಆದರೆ ಮಾಮ ಆಗಲೇ ಹಗ್ಗ ಹುಡುಕುತ್ತಿದ್ದ.

ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಬಾವಿಯ ಹತ್ತಿರ ಅರ್ಧ ಐದನೇ ಕ್ಲಾಸು ಮತ್ತೆ ಸೇರಿತ್ತು. ಫ್ರಾಂಡಿಯ ತಾತ ಮೆಲಿತೋನ್ ಕೂಡ ಕೋಲೂರಿಕೊಂಡು ಬಂದಿದ್ದ. ಹುಡುಗನಾಗಿದ್ದಾಗ ಅಜ್ಜಿಯ ಜೊತೆ ಒಂದೇ ಕ್ಲಾಸಿನಲ್ಲಿ ಓದಿದವನು ಅವನು.

ಮಾಮ ಮೇಲಿನ ರಾಟೆಯನ್ನು ಕೈಯಿಂದ ತಿರುಗಿಸಿ ನೋಡಿದ. ನಲ್ಲಿ ಬಂದ ಮೇಲೆ ಆ ಬಾವಿಯಿಂದ ಯಾರೂ ನೀರು ಸೇದಿರಲಿಲ್ಲ. ಎಷ್ಟು ವರ್ಷದಿಂದ ಎಣ್ಣೆ ಕಂಡಿರಲಿಲ್ಲವೋ, ಆದರೂ ರಾಟೆ ಕಿರ್ ಎನ್ನದೆ ತಿರುಗಿತು.

“ಕಂಬಾನೂ ಗ್ವಯಕಾನೇ, ರಾಟೆನೂ ಗ್ವಯಕಾನೇ,” ಎಂದ ಮೆಲಿತೋನ್ ತಾತ. “ಆ ಮರದ ಹೊಟ್ಟೇಲೇ ಎಣ್ಣೆ ಇದೆ. ಇಳಿ ಮಗ, ಹೆದರಬೇಡ. ಹಗ್ಗ ಹಳೇದಾಗಬಹುದು, ಇದು ಆಗಲ್ಲ.”

“ಹಗ್ಗ ಯಾವ ಕಾಲದ್ದು ತಾತ?” ಎಂದು ಮಾಮ ಕೇಳಿದ.

“ನಿನ್ನದೇ ಅಲ್ವೇನೋ ಹಗ್ಗ?”

ಮಾಮ ಶಿಲುಬೆಯ ಗುರುತು ಮಾಡಿಕೊಂಡು ಇಳಿದ. ಕೆಳಗೆ ನೀರು ಕಲಕುವ ಸದ್ದು. ಆಮೇಲೆ ಬಾವಿಯೇ ಮಾತಾಡಿದ ಹಾಗೆ ಗುಂಯ್‌ಗುಟ್ಟುವ ದನಿ:

“ಸಿಕ್ತು!”

ಬುಟ್ಟಿಯಲ್ಲಿ ಒರಳು ಮೇಲೆ ಬಂತು. ಒಂದು ಬಿರುಕಿಲ್ಲ, ಒಂದು ಗೀರಿಲ್ಲ. ಈಜಾಡಿ ಬಂದವರ ಹಾಗೆ ಮಿಂಚುತ್ತಿತ್ತು. ಯೋಕಿ ಅದನ್ನು ಅಪ್ಪಿಕೊಂಡಳು. ಮೊದಲು ಅಂಚನ್ನೇ ಸವರಿ ನೋಡಿದಳು. ತಗ್ಗು ಅಲ್ಲೇ ಇತ್ತು.

“ತಡೀರಿ!” ಮತ್ತೆ ಬಾವಿ ಮಾತಾಡಿತು. “ಕೆಸರಲ್ಲಿ ಕಾಲಿಗೆ ಇನ್ನೇನೋ ತಗುಲ್ತಾ ಇದೆ. ಕಲ್ಲು... ಉಹೂಂ, ಕಲ್ಲಲ್ಲ.”

ಅಜ್ಜಿ ಕಟ್ಟೆಯ ಮೇಲೆ ಬಗ್ಗಿ ಕೂಗಿದಳು: “ಕಲ್ಲೇ ಅದು! ಬಿಟ್ಟು ಮೇಲೆ ಬಾ!”

“ಅಲ್ಲಮ್ಮ, ಉದ್ದ ಇದೆ.”

“ಉದ್ದ ಕಲ್ಲು! ಬಾರೋ ಮೇಲೆ, ಶೀತ ಆಗುತ್ತೆ!”

ಮಾಮ ಬಂದ. ಸೊಂಟದ ಬೆಲ್ಟಿಗೆ ಏನನ್ನೋ ಸಿಕ್ಕಿಸಿಕೊಂಡಿದ್ದ. ಪ್ಯಾಂಟಿಗೆ ಉಜ್ಜಿ ಕೆಸರು ಒರೆಸಿದ. ಒಳಗಿಂದ ಕಪ್ಪು ಹಸಿರು ಬಣ್ಣದ ಮರ ಹೊಳೆಯಿತು. ಮೊಣಕೈಯಿಂದ ಬೆರಳ ತುದಿಯಷ್ಟೂ ಉದ್ದವಿಲ್ಲದ ಒಂದು ಒನಕೆ. ಹಿಡಿಯ ಸುತ್ತ ಎರಡು ಉಂಗುರದ ಕೆತ್ತನೆ.

ಯೋಕಿ ಒರಳಿನ ನಡುವನ್ನು ನೋಡಿದಳು. ಎರಡು ಉಂಗುರ. ಒನಕೆಯನ್ನು ನೋಡಿದಳು. ಎರಡು ಉಂಗುರ.

“ಇದು ಡೇವಿಡ್ ಹೊತ್ಕೊಂಡು ಹೋದ ಒನಕೆ ಅಲ್ವಾ?” ಎಂದಳು ಮಿಗ್ದಾ. ಕೇಳಬಾರದ ಹೊತ್ತಿಗೆ ಕೇಳುವುದು ಅವಳ ಅಭ್ಯಾಸ.

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಸ್ಕರ್ಟಿನ ನೆರಿಗೆ ಸರಿಮಾಡಿಕೊಂಡಳು.

“ಅದೇ ಇರಬೇಕು. ಗಾಳಿ ತಂದು ಇಲ್ಲಿ ಹಾಕಿದೆ. ಡೇವಿಡ್ ಅಂದ್ರೆ ಸುಮ್ನೇನಾ? ಮನೆ ಸೂರೇ ಕಿತ್ಕೊಂಡು ಹೋದವನು!”

“ಆದ್ರೆ ದೋನ್ಯಾ,” ಎಂದ ಫ್ರಾಂಡಿ, “ಗ್ವಯಕಾನ್ ಗಾಳೀಲಿ ಹೇಗೆ ಹಾರುತ್ತೆ? ಅದೂ ಸರಿಯಾಗಿ ಬಾವಿಯ ಬಾಯಿಗೇ...”

ಮೆಲಿತೋನ್ ತಾತನಿಗೆ ಇದ್ದಕ್ಕಿದ್ದ ಹಾಗೆ ಕೆಮ್ಮು ಬಂತು. ಅದು ಕೆಮ್ಮೋ ನಗುವೋ ಹೇಳುವುದು ಕಷ್ಟವಾಗಿತ್ತು. ಅಜ್ಜಿ ಅವನನ್ನು ದುರುಗುಟ್ಟಿ ನೋಡಿದಳು. ಕೆಮ್ಮು ನಿಂತಿತು.

ಯೋಕಿ ಅಜ್ಜಿಯನ್ನೇ ನೋಡುತ್ತಿದ್ದಳು. ಬಿಳಿ ಕೂದಲಿನ ಪಕ್ಕದಲ್ಲಿ ಅಜ್ಜಿಯ ಕಿವಿಗಳು ಕೆಂಪಗಿದ್ದವು. ತುದಿಯಿಂದ ಬುಡದವರೆಗೆ.

ಆ ಕಿವಿಗಳು ಯೋಕಿಗೆ ಚೆನ್ನಾಗಿ ಗೊತ್ತಿದ್ದವು. ಅವಳು ಅವನ್ನು ದಿನಾ ಕನ್ನಡಿಯಲ್ಲಿ ನೋಡುತ್ತಿದ್ದಳು.

“ಫ್ರಾಂಡಿ, ನೀನು ಡೇವಿಡ್‌ನ ನೋಡಿದ್ದೀಯಾ?” ಎಂದಳು.

“ಇಲ್ಲ.”

“ನಾನೂ ನೋಡಿಲ್ಲ. ನಮ್ಮಜ್ಜಿ ನೋಡಿದ್ದಾಳೆ. ಬಾಯಿ ಮುಚ್ಕೊಂಡು ಹಗ್ಗ ಸುತ್ತು.”

ಫ್ರಾಂಡಿ ಹಗ್ಗ ಸುತ್ತಿದ. ಮಾಮ ತಲೆ ಒರೆಸಿಕೊಂಡು ಬೈಕಿನ ಕಡೆ ಹೋದ. ಯೋಕಿ ಒರಳು ಹೊತ್ತು ಮುಂದೆ ನಡೆದಳು. ಅಜ್ಜಿ ಒನಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಬಂದಳು. ಮೆಲಿತೋನ್ ತಾತನ ಪಕ್ಕ ಬಂದಾಗ ಅವನು ತಗ್ಗಿದ ದನಿಯಲ್ಲಿ ಹೇಳಿದ್ದು ಯೋಕಿಗೂ ಕೇಳಿಸಿತು.

“ಅದು ಮುಳುಗಿದ ಅವತ್ತೇ ಹೇಳಬೇಕಾಗಿತ್ತು. ಸೋತೆ ಕಣೇ, ಎರ್ಮಿನಿಯಾ.”

“ಏನು ಗೊಣಗ್ತೀಯೋ ಮೆಲಿತೋನ್?” ಎಂದಳು ಅಜ್ಜಿ. “ಹೋಗು, ಹೋಗಿ ಕಾಫಿ ಕುಡಿ.”

ಮನೆಗೆ ಬಂದು ಅಜ್ಜಿ ಒನಕೆಯನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದಳು. ಪೇರಲೆ ಮರದ ಒನಕೆಯನ್ನು ಬ್ಲೆಂಡರ್ ಡಬ್ಬಿಯ ಪಕ್ಕದಲ್ಲಿಟ್ಟಳು. ಒರಳನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೂತಳು. ಅಂಚಿನ ತಗ್ಗಿಗೆ ಹೆಬ್ಬೆರಳು ಸೇರಿಸಿದಳು. ಆದರೆ ತಕ್ಷಣ ಕುಟ್ಟಲಿಲ್ಲ. ಒನಕೆಯನ್ನು ಒಂದು ಸಲ ಈ ಕೈಯಲ್ಲಿ, ಒಂದು ಸಲ ಆ ಕೈಯಲ್ಲಿ ತೂಗಿ ನೋಡಿದಳು.

ಆಮೇಲೆ ಸದ್ದು ಶುರುವಾಯಿತು. ಟೊಕ್ ಟೊಕ್ ಅಲ್ಲ. ಟಣ್, ಟಣ್, ಟಣ್. ಗಟ್ಟಿ ಮರಕ್ಕೆ ಗಟ್ಟಿ ಮರ ಬಡಿಯುವ ಸದ್ದು.

ಯೋಕಿ ಎದುರಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ಅಜ್ಜಿ, ಡೇವಿಡ್ ಬಂದಾಗ ನಿನಗೆಷ್ಟು ವರ್ಷ?”

ಒನಕೆ ಒಂದು ಕ್ಷಣ ಮೇಲೆಯೇ ನಿಂತಿತು.

“ಹತ್ತು.”

ಯೋಕಿಗೂ ಹತ್ತೇ. ಅವಳು ಇನ್ನೊಂದು ಎಸಳು ಕೈಗೆತ್ತಿಕೊಂಡಳು. ಅಜ್ಜಿ ತನಗಿಂತ ಜಾಣೆ ಎನಿಸಿತು. ಹತ್ತು ವರ್ಷಕ್ಕೇ ಬಾವಿಗೆ ಹಾಕಲು ಒರಳನ್ನು ಬಿಟ್ಟು ಒನಕೆಯನ್ನು ಮಾತ್ರ ಆರಿಸಿದ್ದಳಲ್ಲ. ಎಷ್ಟು ಕೇಳಬೇಕೆನಿಸಿದರೂ ಯೋಕಿ ಮತ್ತೇನೂ ಕೇಳಲಿಲ್ಲ.

“ದೋನ್ಯಾ ಎರ್ಮಿನಿಯಾ!” ಪಕ್ಕದ ಮನೆಯಾಕೆ ಮತ್ತೆ ಕೂಗಿದಳು. “ಇದೇನು, ಕುಟ್ಟೋ ಸದ್ದೇ ಬದಲಾಗಿದೆ?”

ಅಜ್ಜಿ ತಲೆ ಎತ್ತಲಿಲ್ಲ. ಯೋಕಿಯೇ ಕಿಟಕಿಗೆ ಹೋಗಿ ತಲೆ ಹೊರಗೆ ಹಾಕಿದಳು.

“ಡೇವಿಡ್ ನಮ್ಮ ಒನಕೆ ವಾಪಸ್ ಕೊಟ್ಟ!”

ಅವಳು ಬಂದು ಕೂತಾಗ ಸುಲಿಯದ ಬೆಳ್ಳುಳ್ಳಿ ಇನ್ನೂ ಅರ್ಧ ರಾಶಿ ಇತ್ತು. ಅದನ್ನು ಅಜ್ಜಿ ತನ್ನ ಕಡೆಗೆ ಎಳೆದುಕೊಂಡು, ಯೋಕಿಯ ಮುಂದೆ ಒರಳನ್ನೂ ಒನಕೆಯನ್ನೂ ಇಟ್ಟಿದ್ದಳು.

“ನಾನು ಸುಲೀತೀನಿ,” ಎಂದಳು ಅಜ್ಜಿ. “ನೀನು ಕುಟ್ಟು.”